ತಪ್ಪಿದ ನಿಯಮವೂ ಮರುದಿನದ ಕರ್ತವ್ಯವೂ

ಅರುಣೋದಯಕ್ಕೆ ಏಳುತ್ತಿದ್ದವನು ಹೊತ್ತೇರಿದ ಮೇಲೆ ಏಳುತ್ತಾನೆ; ನಿತ್ಯವೂ ಓದುತ್ತಿದ್ದವನ ಪುಸ್ತಕದ ಮೇಲೆ ಧೂಳು ಕೂಡುತ್ತದೆ; ಅಂದಿನ ಕಾಗದವನ್ನು ಅಂದೇ ವಿಲೇವಾರಿ ಮಾಡುತ್ತಿದ್ದ ಗುಮಾಸ್ತೆಯ ಮೇಜಿನ ಮೇಲೆ ಬಾಕಿ ಕಡತಗಳು ಬೆಳೆಯುತ್ತವೆ. ಇಂತಹ ಜಡತೆಯ ಕಾಲವು ಯಾರಿಗೂ ಬಾರದುದಲ್ಲ. ಅದು ಬಂದುದಕ್ಕಿಂತಲೂ ಅದರಿಂದ ಹೊರಬೀಳಲು ನಾವು ಹಿಡಿಯುವ ದಾರಿಯೇ ಹೆಚ್ಚು ವಿಚಾರಾರ್ಹವಾದುದು.

ಸಾಮಾನ್ಯವಾಗಿ ನಾವು ಮಾಡುವುದೇನು? ಯುಗಾದಿಯಿಂದಲೋ ಮುಂದಿನ ತಿಂಗಳ ಒಂದನೆಯ ತಾರೀಖಿನಿಂದಲೋ ಎಲ್ಲವನ್ನೂ ಒಟ್ಟಿಗೆ ನೆಟ್ಟಗೆ ಮಾಡುವೆವೆಂದು ಸಂಕಲ್ಪಿಸುತ್ತೇವೆ. ನಾಲ್ಕು ದಿನ ನಡೆದು ಐದನೆಯ ದಿನ ತಪ್ಪಿದೊಡನೆ, ವ್ರತವೇ ಕೆಟ್ಟಿತೆಂದು ಕೈಬಿಡುತ್ತೇವೆ. ನಾಳೆ ಎಂದವನ ಮನೆ ಹಾಳೆಂದು ಅನ್ಯರಿಗೆ ಬುದ್ಧಿ ಹೇಳುವವರೂ ಇದಕ್ಕೆ ಹೊರತಲ್ಲ.

ಈ ಭಾವನೆಗೆ ಪಂಡಿತರ ಬೆಂಬಲವೂ ಇದ್ದಿತು. ಅಮೆರಿಕದ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ, ಹೊಸ ಅಭ್ಯಾಸವು ಬೇರೂರುವ ತನಕ ಒಮ್ಮೆಯೂ ತಪ್ಪಕೂಡದೆಂದೂ, ತಪ್ಪಿದರೆ ಸುತ್ತುತ್ತಿದ್ದ ದಾರದುಂಡೆ ಕೈಜಾರಿ ಬಿದ್ದಂತಾಗುವುದೆಂದೂ ಬೋಧಿಸಿದನು. ಆದರೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿಯವರೂ ಅವರ ಸಹೋದ್ಯೋಗಿಗಳೂ 96 ಮಂದಿಯನ್ನು 84 ದಿನಗಳ ಕಾಲ ಪರೀಕ್ಷಿಸಿ, 2010ರಲ್ಲಿ ಅಚ್ಚಾದ ಲೇಖನದಲ್ಲಿ ಬೇರೊಂದು ಮಾತನ್ನು ತಿಳಿಸಿದರು. ಒಂದು ಕಾರ್ಯವು ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನಗಳಾದರೂ ಬೇಕೆಂದು ಅವರು ಅಂದಾಜು ಮಾಡಿದರು. ನಡುವಣ ಅಂಕ 66. ನಡುವೆ ಒಂದು ದಿನ ತಪ್ಪಿದುದರಿಂದ ರೂಢಿಗೆ ಹೇಳಿಕೊಳ್ಳುವಷ್ಟು ಹಾನಿಯಾಗಲಿಲ್ಲವೆಂಬುದೂ ಅವರಿಗೆ ಕಂಡುಬಂದಿತು. ಇದರಿಂದ ಹೊಳೆಯುವುದೇನೆಂದರೆ, ಕೆಡಿಸುವುದು ತಪ್ಪಿದ ಒಂದು ದಿನವಲ್ಲ. ತಪ್ಪಿತೆಂಬ ನೆವದಿಂದ ನಾವು ಬಿಟ್ಟುಬಿಡುವ ಮುಂದಿನ ದಿನಗಳು.

ಬೆಂಜಮಿನ್ ಫ್ರಾಂಕ್ಲಿನನು 13 ಸದ್ಗುಣಗಳ ಪಟ್ಟಿ ಬರೆದು, ವಾರಕ್ಕೊಂದರಂತೆ ಸಾಧಿಸಹೊರಟು, ತಪ್ಪಿದಾಗಲೆಲ್ಲ ಸಣ್ಣ ಪುಸ್ತಕದಲ್ಲಿ ಕಪ್ಪು ಗುರುತು ಹಾಕುತ್ತಿದ್ದನು. ಗುರುತುಗಳನ್ನು ಅಳಿಸಿ ಅಳಿಸಿ ಕಾಗದವೇ ತೂತಾಯಿತೆಂದು ಆತ್ಮಚರಿತ್ರೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಪರಿಪೂರ್ಣತೆ ದೊರೆಯಲಿಲ್ಲ, ಪ್ರಯತ್ನದಿಂದ ಮಾತ್ರ ಮೊದಲಿಗಿಂತ ಉತ್ತಮನಾದನು.

ಆದುದರಿಂದ ಪುನರಾರಂಭವು ಚಿಕ್ಕದಾಗಿರಲಿ, ನಿಶ್ಚಿತ ವೇಳೆಯದಾಗಿರಲಿ, ಇಂದಿನದಾಗಿರಲಿ. ಬಾಕಿಯನ್ನೆಲ್ಲ ಒಂದೇ ರಾತ್ರಿ ತೀರಿಸುವ ಹಟ ಬೇಡ. ಹೊಸ ಟಪಾಲನ್ನು ಬಿಚ್ಚುವ ಮುನ್ನ ನಿತ್ಯವೂ ಒಂದು ಹಳೆಯ ಕಡತ ಸಾಗಿದರೆ ಕಟ್ಟು ಕರಗುವುದು. ನಿದ್ರೆ ಆಹಾರಗಳು ಕೆಟ್ಟು ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ ಅದನ್ನು ಸೋಮಾರಿತನವೆಂದು ಜರೆಯದೆ ವೈದ್ಯನನ್ನು ಕಾಣತಕ್ಕದ್ದು.

ಅಧಿಕಾರಸ್ಥನ ಜಡತೆ ಅವನೊಬ್ಬನದೇ ಅಲ್ಲ. ಅವನ ಮೇಜಿನ ಮೇಲೆ ಮಲಗಿರುವ ಕಾಗದ ಯಾವಳೋ ವಿಧವೆಯ ಪಿಂಚಣಿಯಾಗಿರಬಹುದು, ಯಾವನೋ ರೈತನ ಖಾತೆಯಾಗಿರಬಹುದು. ಅವನು ಕಳೆದ ತಿಂಗಳಿಗಾಗಿ ಪಶ್ಚಾತ್ತಾಪಪಡುವುದರಿಂದ ಅವರಿಗೆ ಲಾಭವಿಲ್ಲ. ಈ ಹೊತ್ತು ಒಂದು ರುಜು ಹಾಕುವುದರಿಂದ ಉಂಟು.