ಸಾಕ್ಷಿ ಬರೆಯುವವರ ಹೊಣೆ

ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ಪದ್ಧತಿಯೊಂದು ಬಹುಕಾಲದಿಂದ ನಡೆದುಬಂದಿದೆ. ಇದು ನ್ಯಾಯಾಲಯದ ಸಾಕ್ಷಿಯಲ್ಲ. ತನ್ನ ಬಾಳಿನಲ್ಲಿ ದೇವರ ಕೃಪೆ ಹೇಗೆ ಒದಗಿತೆಂಬುದನ್ನು ಭಕ್ತನು ಸಭೆಯ ಮುಂದೆ ನಿಂತು ನಿವೇದಿಸಿಕೊಳ್ಳುವ ಬಗೆ. ಸಾಲ ತೀರಿದ್ದು, ಕುಡಿತ ಬಿಟ್ಟದ್ದು, ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಲೆ ವಾಸಿಯಾದದ್ದು ಅದರ ವಸ್ತು. ಕ್ರೈಸ್ತರಲ್ಲದ ವಾಚಕರು ಹರಕೆ ತೀರಿಸಿ ಬಂದವರ ಮಾತುಗಳನ್ನು ನೆನೆದರೆ ಇದರ ಸ್ವರೂಪ ಸುಲಭವಾಗಿ ತಿಳಿದೀತು. ಈಗ ಈ ಸಾಕ್ಷಿಯು ಸಭೆಯ ಗೋಡೆಗಳನ್ನು ದಾಟಿ ಫೇಸ್‌ಬುಕ್ಕಿಗೂ ವಾಟ್ಸಾಪಿಗೂ ಬಂದಿದೆ. ಬರೆಯಬಲ್ಲ ಕ್ರೈಸ್ತರಲ್ಲಿ ಅನೇಕರು ಅದನ್ನೇ ತಮ್ಮ ಸೇವೆಯೆಂದು ಭಾವಿಸಿದ್ದಾರೆ. ಬರೆಯಬಾರದೆಂದು ನಾನು ಹೇಳುವವನಲ್ಲ. ಆದರೆ ಅಲ್ಲಿ ಬರೆಯುವ ಲೇಖಕನು ಪ್ರಾಮಾಣಿಕನೆನಿಸಬೇಕಾದರೆ ತಾನು ಸೇವಿಸಿದ ಔಷಧದ ವಿಷಯವನ್ನೂ, ಗುಣವಾಗದೆ ಉಳಿದುದನ್ನೂ ಪ್ರಾರ್ಥನೆಯಷ್ಟೇ ಸ್ಪಷ್ಟವಾಗಿ ಬರೆಯಲೇಬೇಕೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಸಭೆಯಲ್ಲಿ ಸಾಕ್ಷಿ ಹೇಳುವವನನ್ನು ಕೇಳುವವರೆಲ್ಲರೂ ಬಲ್ಲರು. ಅವನು ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದ್ದನು, ಗಂಜಿ ಒಯ್ದವರಾರು, ರಕ್ತ ಕೊಟ್ಟವರಾರು ಎಂಬುದೆಲ್ಲ ಅವರಿಗೆ ಗೊತ್ತು. ಅವನು ಹೇಳದೆ ಬಿಟ್ಟುದನ್ನು ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ದೂರವಾಣಿಯ ಪರದೆಯ ಮೇಲೆ ಈ ಅನುಕೂಲವಿಲ್ಲ. ಬರೆದವನ ಹೆಸರು ಎರಡನೆಯ ಕೈಗೇ ಕಳಚಿಹೋಗುತ್ತದೆ. ವಾಟ್ಸಾಪ್ ಸಂಸ್ಥೆಯು 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿಯನ್ನು ವಿಧಿಸಿತು. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಇನ್ನಷ್ಟು ಬಿಗಿ ಮಾಡಿತು. ಆದರೂ ಪುಣೆಯಲ್ಲಿ ಬರೆದದ್ದು ಸಂಜೆಯೊಳಗೆ ಹೈದರಾಬಾದಿನ ಯಾವುದೋ ಅಡಿಗೆಮನೆಯನ್ನು ಹೊಕ್ಕಿರುತ್ತದೆ. ಅಲ್ಲಿ ಅದನ್ನು ಓದುವ ಹೆಣ್ಣುಮಗಳ ಕೈಯಲ್ಲಿ ಅಂದಿನ ಗುಳಿಗೆ ಇರಬಹುದು. (ಹತ್ತು ಜನಕ್ಕೆ ಕಳುಹಿಸಿದರೆ ಶುಭವಾರ್ತೆ ಬರುವುದೆಂಬ ಸಂದೇಶಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ, ಅವು ಅಂಚೆಕಾರ್ಡಿನ ಕಾಲದಿಂದಲೂ ಇವೆ.)

ಕ್ಷಯರೋಗವನ್ನೇ ತೆಗೆದುಕೊಳ್ಳೋಣ. ಅದರ ಸಾಮಾನ್ಯ ಚಿಕಿತ್ಸೆ ಆರು ತಿಂಗಳಿನದು. ಸರಿಯಾದ ಔಷಧ ಬಿದ್ದ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಹಸಿವು ಮರಳುತ್ತದೆ. ರೋಗಿಗೆ ತಾನು ಗುಣಹೊಂದಿದೆನೆಂಬ ಭಾವನೆ ಬರುವುದು ಆಗಲೇ. ಸಾಕ್ಷಿ ಬರೆಯಬೇಕೆಂಬ ಉತ್ಸಾಹ ಉಕ್ಕುವುದೂ ಆಗಲೇ. ಆದರೆ ಶ್ವಾಸಕೋಶದಲ್ಲಿ ಕ್ರಿಮಿಗಳು ಇನ್ನೂ ಉಳಿದಿರುತ್ತವೆ. ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸುವುದಲ್ಲದೆ, ಆ ಔಷಧಕ್ಕೆ ಜಗ್ಗದ ರೂಪವನ್ನೂ ತಾಳಬಹುದು. ಮನೆಯವರಿಗೆ ಅಂಟುವುದು ಆ ಮೊಂಡು ರೋಗವೇ. ಎರಡನೆಯ ತಿಂಗಳಿನಲ್ಲಿ ‘ಸಂಪೂರ್ಣ ಸ್ವಸ್ಥನಾದೆ’ ಎಂದು ಬರೆದವನು ಸುಳ್ಳುಗಾರನಲ್ಲ. ತನಗೆ ಅನಿಸಿದ್ದನ್ನೇ ಅವನು ಬರೆದಿದ್ದಾನೆ. ಆದರೆ ಅನಿಸಿದ್ದನ್ನು ಬರೆದ ಮಾತ್ರಕ್ಕೆ ಬರಹ ಸತ್ಯವಾಗುವುದಿಲ್ಲ.

ರಕ್ತದೊತ್ತಡದ ಸ್ಥಿತಿ ಇದಕ್ಕಿಂತಲೂ ಮೋಸದ್ದು. ಅದು ಏರಿದ್ದೂ ಇಳಿದದ್ದೂ ಬಹುಮಂದಿಗೆ ಗೊತ್ತೇ ಆಗುವುದಿಲ್ಲ. ಗುಳಿಗೆ ಬಿಟ್ಟವರಿಗೆ ಹಲವು ದಿನ ಏನೂ ಆಗಲಿಲ್ಲವೆಂಬ ಧೈರ್ಯವಿರುತ್ತದೆ. ಇನ್ಸುಲಿನ್ನಿನ ಮೇಲೆಯೇ ಜೀವ ಹಿಡಿದಿರುವ ಮಧುಮೇಹಿ ಮಗುವಿಗಾದರೋ ಆ ಅವಕಾಶವೂ ಇಲ್ಲ. ಚುಚ್ಚುಮದ್ದು ನಿಂತ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗುತ್ತದೆ.

ಪವಾಡಗಳನ್ನು ನಂಬುವವರೇ ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದ್ದಾರೆಂಬುದನ್ನು ನೋಡಬೇಕಾದರೆ ಫ್ರಾನ್ಸಿನ ಲೂರ್ದಿನತ್ತ ತಿರುಗಬೇಕು. 1858ರಲ್ಲಿ ಬರ್ನಾಡೆಟ್ ಎಂಬ ಬಡ ಹುಡುಗಿಗೆ ಮರಿಯಮ್ಮನವರ ದರ್ಶನವಾಯಿತೆಂದು ನಂಬಲಾದ ಸ್ಥಳವದು. ಅಲ್ಲಿ 1883ರಲ್ಲಿಯೇ ವೈದ್ಯರ ಒಂದು ಕಚೇರಿಯನ್ನು ಸ್ಥಾಪಿಸಿದರು. ರೋಗವು ಗಂಭೀರವಾಗಿತ್ತೇ, ಚಿಕಿತ್ಸೆಯಿಂದ ವಾಸಿಯಾದದ್ದಲ್ಲವೇ, ಗುಣವಾದದ್ದು ಸ್ಥಿರವಾಗಿ ಉಳಿಯಿತೇ ಎಂಬುದೆಲ್ಲ ಅಲ್ಲಿ ಪರಿಶೀಲನೆಗೆ ಒಳಗಾಗುತ್ತದೆ. ಗುಣವಾಯಿತೆಂದು ಅಲ್ಲಿ ದಾಖಲಾದ 7,000ಕ್ಕೂ ಹೆಚ್ಚಿನ ಪ್ರಕರಣಗಳಲ್ಲಿ ಪವಾಡವೆಂದು ಧರ್ಮಸಭೆಯು 2025ರ ವರೆಗೆ ಅಂಗೀಕರಿಸಿರುವುದು 72ನ್ನು ಮಾತ್ರ. ಎಪ್ಪತ್ತನೆಯದು ಒಬ್ಬ ಸನ್ಯಾಸಿನಿಯದು. ಆಕೆ ಚೇತರಿಸಿಕೊಂಡದ್ದು 2008ರಲ್ಲಿ, ಘೋಷಣೆಯಾದದ್ದು 2018ರಲ್ಲಿ. ಧರ್ಮಸಭೆ ಹತ್ತು ವರ್ಷ ಕಾಯಿತು. ನಮ್ಮವರು ರಾತ್ರಿ ಪ್ರಾರ್ಥನೆ ಮುಗಿಸಿ ಮಲಗುವ ಮುನ್ನ ಘೋಷಿಸಿಬಿಡುತ್ತಾರೆ! ಇನ್ನು ಬರ್ನಾಡೆಟ್ಟಳು? ಆಕೆ ಉಬ್ಬಸದಿಂದಲೂ ಮೂಳೆಯ ಕ್ಷಯದಿಂದಲೂ ನರಳಿ, 1879ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದನ್ನು ಯಾರೂ ಮುಚ್ಚಿಡಲಿಲ್ಲ. ಆಕೆಯನ್ನು ಸಂತಳೆಂದು ಗೌರವಿಸುವುದಕ್ಕೆ ಅದು ಅಡ್ಡಿಯೂ ಆಗಲಿಲ್ಲ.

ಸತ್ಯವೇದದಲ್ಲಿಯೂ ಇದೇ ಧೋರಣೆ ಕಾಣುತ್ತದೆ. ಪೌಲನು ತನ್ನ ಶರೀರದ ಬಾಧೆಯೊಂದು ನೀಗಲೆಂದು ಮೂರು ಬಾರಿ ಬೇಡಿಕೊಂಡನು, ಅದು ನೀಗಲಿಲ್ಲ. ಆ ಸಂಗತಿಯನ್ನು ಅವನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಹೊಟ್ಟೆಯ ತೊಂದರೆಯಿದ್ದ ತಿಮೊಥೆಯನಿಗಾದರೋ ಸ್ವಲ್ಪ ದ್ರಾಕ್ಷಾರಸ ಸೇವಿಸುವಂತೆ ಪತ್ರಮುಖೇನ ಸಲಹೆ ಬಂತು. ಸುವಾರ್ತೆಯೊಂದಕ್ಕೆ ಹೆಸರಾದ ಲೂಕನನ್ನು ವೈದ್ಯನೆಂದೇ ಕರೆದಿದೆ. ಔಷಧದ ಹೆಸರೆತ್ತಿದರೆ ದೇವರ ಮಹಿಮೆಗೆ ಕುಂದು ಬರುವುದೆಂಬ ಅಂಜಿಕೆ ಆ ಪುಟಗಳಲ್ಲಿ ನನಗೆ ಕಂಡಿಲ್ಲ.

ನಮ್ಮ ನಾಡಿನ ಕ್ರೈಸ್ತರಿಗಂತೂ ಈ ಅಂಜಿಕೆ ಸಲ್ಲದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆಲದ ಮರದಡಿ ರೋಗಿಗಳಿಗೆ ಔಷಧ ಹಂಚತೊಡಗಿದ ಆಗಸ್ಟಸ್ ಮುಲ್ಲರರು ಯೇಸುಸಭೆಯ ಪಾದ್ರಿಗಳು. ವೆಲ್ಲೂರಿನಲ್ಲಿ 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದ ಐಡಾ ಸ್ಕಡರರು ಮಿಷನರಿ ಮನೆತನದವರು. ಆ ಎರಡೂ ಇಂದು ದೊಡ್ಡ ಆಸ್ಪತ್ರೆಗಳಾಗಿವೆ. ಹೊರನಾಡ ಕನ್ನಡಿಗರ ಮನೆಗಳಲ್ಲಿ ಅವುಗಳ ಮೆಟ್ಟಿಲು ಹತ್ತಿದವರು ಒಬ್ಬರಾದರೂ ಸಿಕ್ಕಾರು. ಬಾಂದ್ರಾದ ಮೌಂಟ್ ಮೇರಿಗೆ ಮೇಣದ ಕೈಕಾಲುಗಳನ್ನು ಅರ್ಪಿಸುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅವರು ಅಲ್ಲಿಂದ ಇಳಿದು ಮೂಳೆವೈದ್ಯರ ಬಳಿಗೂ ಹೋಗುತ್ತಾರೆ. ಬರೆಯುವಾಗ ಮಾತ್ರ ಎರಡನೆಯದು ಏಕೆ ಬಿಟ್ಟುಹೋಗಬೇಕು?

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಪರರ ರೋಗವನ್ನು ತಮ್ಮ ಸಾಕ್ಷಿಯಾಗಿ ಬರೆಯುವವರೂ ಇದ್ದಾರೆ. ಆಸ್ಪತ್ರೆಯ ಮಂಚದ ಮೇಲಿನ ಹುಡುಗಿಯ ಭಾವಚಿತ್ರ, ಹೆಸರು, ರೋಗದ ವಿವರ, ಕೆಳಗೆ ಜೋಡಿಸಿದ ಕೈಗಳ ಚಿಹ್ನೆ. ಹುಡುಗಿಯನ್ನು ಕೇಳಿದವರುಂಟೇ? ಸಂಬಂಧ ಕುದುರುವ ಕಾಲಕ್ಕೆ ಆ ಚಿತ್ರ ಯಾರ ದೂರವಾಣಿಯಿಂದ ಮೇಲೇಳುವುದೋ ಬಲ್ಲವರಾರು? ಪ್ರಾರ್ಥಿಸಲು ದೇವರಿಗೆ ಭಾವಚಿತ್ರ ಬೇಕಿಲ್ಲ.

ನಮ್ಮ ಉಪನಗರದ ಯುವಕನೊಬ್ಬನು ಇತ್ತೀಚೆಗೆ ಬರೆದ ಸಾಕ್ಷಿಯೊಂದು ನನಗೆ ಬಹಳ ಮೆಚ್ಚಿಗೆಯಾಯಿತು. ಕ್ಷಯದ ಚಿಕಿತ್ಸೆಗೆ ಎರಡು ತಿಂಗಳಾಯಿತೆಂದೂ, ತೂಕ ನಾಲ್ಕು ಕಿಲೋ ಏರಿತೆಂದೂ, ತಾಯಿ ದಿನವೂ ಜಪಮಾಲೆ ಹಿಡಿದು ಕೂರುವಳೆಂದೂ, ಒಂದೆರಡು ರಾತ್ರಿ ತನಗೆ ಪ್ರಾರ್ಥನೆಯೇ ಬರಲಿಲ್ಲವೆಂದೂ, ಇನ್ನೂ ನಾಲ್ಕು ತಿಂಗಳ ಗುಳಿಗೆ ಬಾಕಿಯಿದೆಯೆಂದೂ ಬರೆದಿದ್ದನು. ಅದಕ್ಕೆ ಬಿದ್ದ ಮೆಚ್ಚುಗೆಯ ಗುರುತುಗಳು ಅಷ್ಟಕ್ಕಷ್ಟೇ. ಗುಳಿಗೆ ಎಲ್ಲಿ ಪುಕ್ಕಟೆ ಸಿಗುತ್ತದೆಂದು ವಿಚಾರಿಸಿ ಇಬ್ಬರು ಅವನಿಗೆ ಫೋನು ಮಾಡಿದರಂತೆ.