ಕೊನೆಯ ಬೆಂಚಿಗೂ ಕಾಣುವ ಟೆಲಿವಿಷನ್

ವಿಜ್ಞಾನವು ಮಾನವನ ಮನೆಬಾಗಿಲಿಗೆ ತಂದಿತ್ತ ಸಾಧನಗಳಲ್ಲಿ ಟೆಲಿವಿಷನ್ನಿನಷ್ಟು ಶೀಘ್ರವಾಗಿ ಜನಜೀವನದ ಅಂಗವಾದುದು ವಿರಳ. ಊರಿಗೊಂದಿದ್ದರೆ ಅದೇ ಹೆಚ್ಚೆನಿಸುತ್ತಿದ್ದ ಈ ಯಂತ್ರವು ಇಂದು ನಡುಮನೆಯ ಗೋಡೆಯನ್ನೇರಿದೆ. ಶಾಲೆಯ ತರಗತಿಯನ್ನೂ ಪ್ರವೇಶಿಸಿದೆ. ಹಳೆಯ ವಿದ್ಯಾರ್ಥಿಗಳು ತಾವು ಕಲಿತ ಶಾಲೆಗೆ ಏನನ್ನಾದರೂ ಕೊಡಬೇಕೆಂದು ಕೂಡಿ ಆಲೋಚಿಸುವಾಗ, ದೊಡ್ಡದೊಂದು ಎಚ್.ಡಿ. ಟೆಲಿವಿಷನ್ನಿನ ಮಾತು ಬಾರದೆ ಇರುವುದಿಲ್ಲ. ಈ ಔದಾರ್ಯವು ಸ್ತುತ್ಯವೇ ಸರಿ. ಆದರೆ ಕೊಳ್ಳುವವರ ಗಮನವೆಲ್ಲ ಪರದೆಯ ಅಗಲದ ಮೇಲೂ ಪೆಟ್ಟಿಗೆಯಲ್ಲಿ ಮುದ್ರಿಸಿದ ಅಂಕಿಗಳ ಮೇಲೂ ನಿಂತುಬಿಡುವುದರಿಂದ, ವ್ಯಯವಾದ ಹಣಕ್ಕೆ ತಕ್ಕ ಪ್ರಯೋಜನ ದೊರೆಯದೆ ಹೋಗುವ ಸಂಭವ ಹೆಚ್ಚು. ಯಂತ್ರಕ್ಕೆ ಬಂದು ಸೇರುವ ಸಂಕೇತ, ನೋಡುವವರು ಕುಳಿತ ದೂರ, ಯಂತ್ರವನ್ನು ಕಾಪಾಡುವ ವ್ಯವಸ್ಥೆ, ಈ ಮೂರೂ ಕೂಡಿದಾಗಲೇ ಚಿತ್ರವು ಸ್ಪಷ್ಟವಾಗುತ್ತದೆ. ಈ ಮಾತು ಮನೆಗೂ ಸಲ್ಲುತ್ತದೆ. ಶಾಲೆಗಂತೂ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಎಚ್.ಡಿ. ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಭಾರತದಲ್ಲಿ ದಶಕಗಳ ಕಾಲ ನಡೆದುಬಂದ ಹಳೆಯ ಪದ್ಧತಿಯಲ್ಲಿ ಚಿತ್ರವನ್ನು 625 ಅಡ್ಡಗೆರೆಗಳಾಗಿ ವಿಂಗಡಿಸಲಾಗುತ್ತಿತ್ತು. ಅವುಗಳಲ್ಲಿ ಚಿತ್ರಕ್ಕೆ ಉಪಯೋಗವಾಗುತ್ತಿದ್ದುವು 576. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ.ಯು 1964ರ ಟೋಕಿಯೋ ಒಲಿಂಪಿಕ್ಸ್ ಬಳಿಕ ಇನ್ನೂ ಸೂಕ್ಷ್ಮವಾದ ಚಿತ್ರಕ್ಕಾಗಿ ಸಂಶೋಧನೆ ಕೈಗೊಂಡು, 1125 ಗೆರೆಗಳ ಪದ್ಧತಿಯೊಂದನ್ನು ರೂಪಿಸಿ, 1989ರಲ್ಲಿ ಪ್ರತಿದಿನದ ಪ್ರಾಯೋಗಿಕ ಪ್ರಸಾರವನ್ನು ಆರಂಭಿಸಿತು. ನಮ್ಮ ದೇಶದ ದೂರದರ್ಶನ ಸಂಸ್ಥೆಯು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಎಚ್.ಡಿ.ಯಲ್ಲಿ ಪ್ರಸಾರ ಮಾಡಿತು. ಇಂದು ಅಂಗಡಿಯಲ್ಲಿ ಮುಖ್ಯವಾಗಿ ಮೂರು ದರ್ಜೆಗಳು ಕಾಣುತ್ತವೆ. ‘ಎಚ್.ಡಿ. ರೆಡಿ’ ಎಂಬುದರಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 1366, ಉದ್ದಕ್ಕೆ 768 ಚುಕ್ಕೆಗಳಿರುತ್ತವೆ. ‘ಫುಲ್ ಎಚ್.ಡಿ.’ಯಲ್ಲಿ 1920 ಮತ್ತು 1080, ಅಂದರೆ ಒಟ್ಟು ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳು. ‘4ಕೆ’ಯಲ್ಲಿ ಇದರ ನಾಲ್ಕರಷ್ಟು, ಸುಮಾರು 82 ಲಕ್ಷ 94 ಸಾವಿರ.

ಈ ಅಂಕಿಗಳು ಆಕರ್ಷಕವಾಗಿವೆ. ಆದರೆ ಮನುಷ್ಯನ ಕಣ್ಣಿಗೆ ಒಂದು ಮಿತಿಯುಂಟು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಕೋನವು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗವೆಂದು ಸ್ಥೂಲವಾಗಿ ಗಣಿಸುತ್ತಾರೆ. ಈ ಲೆಕ್ಕದಂತೆ, ಚಿತ್ರದ ಎತ್ತರದ ಮೂರರಷ್ಟು ದೂರಕ್ಕಿಂತ ಆಚೆ ಕುಳಿತವರಿಗೆ ಫುಲ್ ಎಚ್.ಡಿ.ಯ ಚುಕ್ಕೆಗಳೇ ಒಂದರೊಳಗೊಂದು ಬೆರೆತುಹೋಗುತ್ತವೆ. 43 ಇಂಚಿನ ಯಂತ್ರದಲ್ಲಿ ಚಿತ್ರದ ಎತ್ತರ ಸುಮಾರು 21 ಇಂಚು. ಅದರ ಮೂರರಷ್ಟೆಂದರೆ ಐದೂಕಾಲು ಅಡಿ. ಎಂಟೊಂಬತ್ತು ಅಡಿ ದೂರದ ಕುರ್ಚಿಯಲ್ಲಿ ಕುಳಿತು ನೋಡುವ ಕುಟುಂಬಕ್ಕೆ ಆ ಗಾತ್ರದ ಪರದೆಯಲ್ಲಿ 4ಕೆಯ ಹೆಚ್ಚುವರಿ ಚುಕ್ಕೆಗಳು ಇದ್ದೂ ಇಲ್ಲದಂತೆ. 32 ಇಂಚಿನ ಯಂತ್ರವನ್ನು ಆರು ಅಡಿಗಿಂತ ಆಚೆಯಿಂದ ನೋಡಿದರೆ ಎಚ್.ಡಿ. ರೆಡಿಗೂ ಫುಲ್ ಎಚ್.ಡಿ.ಗೂ ಭೇದ ತಿಳಿಯುವುದು ಕಷ್ಟ. ಇಂದು ದೊಡ್ಡ ಗಾತ್ರಗಳಲ್ಲಿ 4ಕೆಯೇ ಸಾಮಾನ್ಯವಾಗಿರುವುದರಿಂದ ಅದನ್ನು ಕೊಳ್ಳುವುದು ತಪ್ಪೇನಲ್ಲ. ಕುಳಿತುಕೊಳ್ಳುವ ದೂರವನ್ನು ಅಳೆಯದೆ, ಅಂಕಿಯೊಂದಕ್ಕೇ ಮರುಳಾಗಿ ಹೆಚ್ಚು ಬೆಲೆ ತೆರುವುದು ವಿವೇಕವೆನಿಸದು.

ಇನ್ನು ಸಂಕೇತದ ಮಾತು. ಬಾವಿಯಲ್ಲಿ ಇಲ್ಲದ ನೀರು ಬಿಂದಿಗೆಗೆ ಬಾರದು. 576 ಗೆರೆಗಳ ಸಾಮಾನ್ಯ ವಾಹಿನಿಯನ್ನು 55 ಇಂಚಿನ ಪರದೆಯ ಮೇಲೆ ಹರಡಿದರೆ ಅದರ ಮಸುಕೂ ಅಷ್ಟೇ ವಿಸ್ತಾರವಾಗಿ ಕಾಣುತ್ತದೆ. ಹೊಸ ಯಂತ್ರವನ್ನು ತಂದು, ಹಳೆಯ ಸೆಟ್‌ಟಾಪ್ ಪೆಟ್ಟಿಗೆಯನ್ನೂ ಹಳದಿ, ಕೆಂಪು, ಬಿಳಿ ಬಣ್ಣದ ಹಳೆಯ ತಂತಿಗಳನ್ನೂ ಹಾಗೆಯೇ ಉಳಿಸಿಕೊಂಡ ಮನೆಗಳು ಎಷ್ಟೋ! ಆ ತಂತಿಗಳ ಮೂಲಕ ಎಚ್.ಡಿ. ಚಿತ್ರವು ಬರಲಾರದು, ಅದಕ್ಕೆ ಎಚ್.ಡಿ. ಪೆಟ್ಟಿಗೆ, ಎಚ್‌ಡಿಎಂಐ ತಂತಿ, ಎಚ್.ಡಿ. ವಾಹಿನಿಗಳ ಚಂದಾ ಇವೆಲ್ಲ ಬೇಕು. ಹಳೆಯ ಚಿತ್ರಗಳ ಅಗಲ ಮತ್ತು ಎತ್ತರದ ಪ್ರಮಾಣ 4:3; ಹೊಸ ಪರದೆಗಳದು 16:9. ಹಳೆಯದನ್ನು ಪರದೆಯ ತುಂಬ ಎಳೆದು ಹಿಗ್ಗಿಸಿದಾಗ ಮುಖಗಳೆಲ್ಲ ಚಪ್ಪಟೆಯಾಗುತ್ತವೆ. ಅಂಗಡಿಯ ಝಗಝಗಿಸುವ ಬೆಳಕಿನಲ್ಲಿ, ಪ್ರದರ್ಶನಕ್ಕೆಂದೇ ಸಿದ್ಧಪಡಿಸಿದ ಹೂದೋಟದ ಚಿತ್ರವನ್ನು ಕಂಡು ತೀರ್ಮಾನಿಸುವ ಬದಲು, ಸಾಮಾನ್ಯ ವಾಹಿನಿಯ ಕನ್ನಡ ವಾರ್ತೆಯನ್ನು ತೋರಿಸುವಂತೆ ಕೇಳುವವನೇ ಜಾಣ ಗ್ರಾಹಕ.

ಶಾಲೆಯಲ್ಲಿ ಈ ಪ್ರಶ್ನೆಯು ಬೇರೊಂದು ರೂಪವನ್ನು ತಾಳುತ್ತದೆ. ಮನೆಯಲ್ಲಿ ಜನ ಚಿತ್ರವನ್ನು ನೋಡುತ್ತಾರೆ. ತರಗತಿಯಲ್ಲಿ ಮಕ್ಕಳು ಪರದೆಯ ಮೇಲಿನ ಅಕ್ಷರಗಳನ್ನು ಓದಬೇಕು. ಓದುವ ಕೆಲಸಕ್ಕೆ ಕೊನೆಯ ನೋಡುಗನು ಚಿತ್ರದ ಎತ್ತರದ ಆರರಷ್ಟು ದೂರವನ್ನು ಮೀರಬಾರದೆಂಬುದು ಸಭಾಗೃಹಗಳಲ್ಲಿ ಅನುಸರಿಸುತ್ತ ಬಂದ ಒಂದು ಸೂತ್ರ. 65 ಇಂಚಿನ ಯಂತ್ರದ ಎತ್ತರ ಸುಮಾರು 32 ಇಂಚು. ಆರರಷ್ಟೆಂದರೆ 16 ಅಡಿ. ಇಪ್ಪತ್ತು ಅಡಿ ದೂರದ ಬೆಂಚಿನಲ್ಲಿ ಕುಳಿತ ಬಾಲಕನಿಗೆ ಅಲ್ಲಿಯ ಸಣ್ಣ ಅಕ್ಷರಗಳು ಮಸುಕಾಗಿಯೇ ಉಳಿಯುತ್ತವೆ. ಚುಕ್ಕೆಗಳು ಎಷ್ಟು ಲಕ್ಷ ಹೆಚ್ಚಿದರೂ ಅಕ್ಷರವು ದೊಡ್ಡದಾಗದು. ಅದರಲ್ಲಿಯೂ ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಚಿಕ್ಕದಾಗಿ ಕುಳಿತಿರುತ್ತವೆ. ‘ಲಕ್ಷ್ಮಿ’, ‘ರಾಷ್ಟ್ರ’ ಮುಂತಾದ ಪದಗಳು ಮೊದಲ ಸಾಲಿಗೆ ಕಂಡಂತೆ ಕೊನೆಯ ಸಾಲಿಗೆ ಕಾಣುವುದಿಲ್ಲ. ಆದ್ದರಿಂದ ತರಗತಿಗೆ ಸೂಕ್ಷ್ಮತೆಗಿಂತ ಗಾತ್ರವೇ ಮುಖ್ಯ. ಗಾತ್ರದೊಡನೆ, ಕಿಟಕಿಯ ಬೆಳಕು ಪರದೆಗೆ ಬಡಿಯದಂತಹ ಸ್ಥಳವೂ ಕೊನೆಯವರೆಗೆ ದನಿ ಮುಟ್ಟಿಸುವ ಪ್ರತ್ಯೇಕ ಧ್ವನಿವರ್ಧಕವೂ ಮುಖ್ಯ. ಕೊಳ್ಳುವ ಮುನ್ನ ಅಧ್ಯಾಪಕರು ಆ ಗಾತ್ರದ ಕಾಗದವನ್ನು ಗೋಡೆಗೆ ಅಂಟಿಸಿ, ಪಾಠದ ನಾಲ್ಕು ಸಾಲುಗಳನ್ನು ಅದರ ಮೇಲೆ ಬರೆದು, ಕೊನೆಯ ಬೆಂಚಿನಲ್ಲಿ ಕುಳಿತು ಓದಿ ನೋಡುವುದು ಲೇಸು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ಶಿಕ್ಷಣಕ್ಕೆ ಟೆಲಿವಿಷನ್ನನ್ನು ಬಳಸುವ ಪ್ರಯತ್ನವು ಕನ್ನಡ ನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ, ‘ಸೈಟ್’ ಎಂದು ಹೆಸರಾದ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ, ಸಂಜೆ ಊರವರಿಗಾಗಿ ಕಾರ್ಯಕ್ರಮಗಳು ಬರುತ್ತಿದ್ದುವು. ಪ್ರಾಥಮಿಕ ಶಾಲೆಯ ಅಧ್ಯಾಪಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಏರ್ಪಡಿಸಲಾಗಿತ್ತು. ಚಿತ್ರವು ಕಪ್ಪು ಬಿಳುಪಿನದು. ಇಂದಿನ ಅಳತೆಯಲ್ಲಿ ಅದರ ಸ್ಪಷ್ಟತೆ ತೀರ ಅಲ್ಪ. ಆದರೂ ಏನನ್ನು, ಯಾರಿಗೆ, ಯಾವ ಭಾಷೆಯಲ್ಲಿ ತೋರಿಸಬೇಕೆಂಬುದನ್ನು ಮುಂಚಿತವಾಗಿ ಯೋಚಿಸಿದ್ದರಿಂದ ಆ ಪ್ರಯೋಗವು ಇಂದಿಗೂ ಸ್ಮರಣೀಯವಾಗಿದೆ. ವರ್ಷದ ಅವಧಿ ಮುಗಿದು ಆ ಉಪಗ್ರಹವು ಹಿಂದಿರುಗಿದಾಗ ಅದರ ಪ್ರಸಾರವೂ ನಿಂತಿತು. ಪರದೆಯ ಹಿಂದೆ ಕಾರ್ಯಕ್ರಮವಿಲ್ಲದಿದ್ದರೆ ಯಂತ್ರವು ಬರಿಯ ಪೆಟ್ಟಿಗೆ ಎಂಬ ಪಾಠವನ್ನು ಅದು ಅಂದೇ ಕಲಿಸಿತು.

ಆ ಪಾಠವನ್ನು ಇಂದಿನ ದಾನಿಗಳೂ ಆಡಳಿತ ಮಂಡಳಿಗಳೂ ನೆನೆಯಬೇಕಾಗಿದೆ. ಯಂತ್ರವನ್ನು ಕೊಡುವುದು ಒಂದು ದಿನದ ಸಮಾರಂಭ. ಅದನ್ನು ನಡೆಸುವುದು ಹಲವು ವರ್ಷಗಳ ಹೊಣೆ. ತಯಾರಕರ ಖಾತರಿಯು ಸಾಮಾನ್ಯವಾಗಿ ಒಂದು ವರ್ಷದ್ದು. ವಿದ್ಯುತ್ತಿನ ಏರಿಳಿತ, ಧೂಳು, ಕೆಟ್ಟುಹೋಗುವ ಹಿಂಬೆಳಕು, ಕಾಣೆಯಾಗುವ ರಿಮೋಟು, ಕೆಲವೇ ವರ್ಷಗಳಲ್ಲಿ ಹಳತಾಗುವ ‘ಸ್ಮಾರ್ಟ್’ ತಂತ್ರಾಂಶ, ಇವೆಲ್ಲ ಆ ಬಳಿಕ ಬರುವ ತೊಂದರೆಗಳು. ಶಾಲೆಯ ಬಳಿ ದುರಸ್ತಿಗೆ ಹಣವಿಲ್ಲದೆ ಹೋದರೆ, ಕೆಟ್ಟೀತೆಂಬ ಅಂಜಿಕೆಯಿಂದಲೇ ಯಂತ್ರವನ್ನು ಬಟ್ಟೆ ಹೊದಿಸಿ ಬೀಗದೊಳಗೆ ಇಡುವ ಪರಿಪಾಠ ಬೆಳೆಯುತ್ತದೆ. ಕತ್ತಲಾದ ಪರದೆಯ ಕೆಳಗೆ ಕೆತ್ತಿಸಿದ ದಾನಿಯ ಹೆಸರು ದಾನಿಗಾಗಲಿ ಶಾಲೆಗಾಗಲಿ ಕೀರ್ತಿ ತರುವುದಿಲ್ಲ. 32 ಇಂಚಿಗಿಂತ ದೊಡ್ಡ ಯಂತ್ರಗಳ ಮೇಲಿನ ಜಿ.ಎಸ್.ಟಿ.ಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹೀಗೆ ಉಳಿಯುವ ಹಣವನ್ನು ಮೇಲಿನ ದರ್ಜೆಯ ಯಂತ್ರಕ್ಕೆ ಸುರಿಯುವುದಕ್ಕಿಂತ ಧ್ವನಿವರ್ಧಕ, ಯು.ಪಿ.ಎಸ್. ಹಾಗೂ ದುರಸ್ತಿಯ ನಿಧಿಗಾಗಿ ತೆಗೆದಿರಿಸುವುದು ಯುಕ್ತ.

ಮುಂದಿನ ಕಾಲಕ್ಕೂ ಸಲ್ಲುವಂತೆ ಅತ್ಯುತ್ತಮವಾದುದನ್ನೇ ಇಂದು ಕೊಳ್ಳಬಾರದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಸಾಧುವಾದುದೇ. ಆದರೆ ಬಹುಬೇಗ ಬದಲಾಗುವ ಈ ತಂತ್ರವಿದ್ಯೆಯಲ್ಲಿ ಇಂದಿನ ಅತ್ಯುತ್ತಮವು ನಾಳೆ ಸಾಧಾರಣವಾಗುವುದನ್ನು ಎಲ್ಲರೂ ಬಲ್ಲರು. ಮುಂದಿನ ಕಾಲಕ್ಕಾಗಿ ಇಡುವ ಬಂಡವಾಳವು ಅಧ್ಯಾಪಕರ ಸಿದ್ಧತೆಯಲ್ಲಿ ಸುರಕ್ಷಿತವಾಗಿರುತ್ತದೆ. ಯಾವ ಪಾಠದ ಯಾವ ಭಾಗಕ್ಕೆ ಚಲಿಸುವ ಚಿತ್ರ ಬೇಕು, ಯಾವುದಕ್ಕೆ ಕರಿಹಲಗೆಯೇ ಸಾಕು ಎಂಬುದನ್ನು ಬಲ್ಲ ಅಧ್ಯಾಪಕನ ಕೈಯಲ್ಲಿ ಸಾಧಾರಣ ಯಂತ್ರವೂ ಸಾರ್ಥಕವಾಗುತ್ತದೆ. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ಎರಡು ನಿಮಿಷ ತೋರಿಸಿ, ಯಂತ್ರವನ್ನು ನಿಲ್ಲಿಸಿ, ಪ್ರಶ್ನೆ ಕೇಳುವ ಅಧ್ಯಾಪಕನಿಗೆ ಸಮನಾದ ಸಾಧನವನ್ನು ಯಾವ ಕಾರ್ಖಾನೆಯೂ ತಯಾರಿಸಿಲ್ಲ.

ಆದುದರಿಂದ ಟೆಲಿವಿಷನ್ನನ್ನು ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ: ಇದರಲ್ಲಿ ಏನನ್ನು ತೋರಿಸಲಾಗುವುದು? ಅತ್ಯಂತ ದೂರ ಕುಳಿತವರಿಗೆ ಅದು ಕಾಣುವುದೇ, ಕೇಳುವುದೇ? ಮೂರನೆಯ ವರ್ಷದಲ್ಲಿ ಕೆಟ್ಟರೆ ಸರಿಪಡಿಸುವವರು ಯಾರು? ಈ ಮೂರಕ್ಕೂ ಉತ್ತರ ದೊರೆತ ಬಳಿಕವೇ ಅಂಗಡಿಯ ಮೆಟ್ಟಿಲನ್ನೇರಬೇಕು. ಶಾಲೆಗೆ ಬರುವ ದಾನದ ಪ್ರತಿಯೊಂದು ರೂಪಾಯಿಯೂ ಮೊದಲ ಸಾಲಿನ ಮಕ್ಕಳಿಗೆ ಮುಟ್ಟಿದಷ್ಟೇ ಕೊನೆಯ ಬೆಂಚಿನ ಮಕ್ಕಳಿಗೂ ಮುಟ್ಟಬೇಕು. ಅಲ್ಲಿ ಕುಳಿತ ಮಗುವು ಒತ್ತಕ್ಷರವನ್ನು ತಪ್ಪಿಲ್ಲದೆ ಓದಬಲ್ಲುದಾದರೆ, ಆ ತರಗತಿಗೆ ತಕ್ಕ ಟೆಲಿವಿಷನ್ ಬಂದಿದೆಯೆಂದು ನಿಸ್ಸಂಶಯವಾಗಿ ಹೇಳಬಹುದು.