ಕಿವಿಯ ಮೊರೆತವೂ ದುಡಿಮೆಯ ಭಾರವೂ

ಹೊರಗೆ ಶಬ್ದದ ಕಾರಣವಾವುದೂ ಇಲ್ಲದಿರುವಾಗ ಕಿವಿಯೊಳಗೋ ತಲೆಯೊಳಗೋ ಜೀರುಂಡೆ ಕೂಗಿದಂತೆ, ಗಾಳಿ ಸುಯ್ದಂತೆ, ಒಂದೇ ಶ್ರುತಿಯಲ್ಲಿ ಎಡೆಬಿಡದೆ ಕೇಳಿಬರುವ ನಾದವನ್ನು ನಮ್ಮ ಜನ ಕಿವಿಮೊರೆತವೆನ್ನುತ್ತಾರೆ. ಇಂದಿನ ವೈದ್ಯರು ಟಿನಿಟಸ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಲೋಕದ ವಯಸ್ಕರಲ್ಲಿ ಶೇ. 14ರಷ್ಟು ಮಂದಿಗೆ, ಎಂದರೆ 74 ಕೋಟಿಗೂ ಮಿಕ್ಕಿದವರಿಗೆ, ಇದರ ಅನುಭವ ಉಂಟೆಂದೂ ಶೇ. 2ರಷ್ಟು ಮಂದಿಯನ್ನು ಇದು ತೀವ್ರವಾಗಿ ಬಾಧಿಸುತ್ತದೆಂದೂ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇಷ್ಟು ವ್ಯಾಪಕವಾದ ಬಾಧೆಯನ್ನು ಕಿವಿಯೊಂದರದೇ ಕಾಯಿಲೆಯೆಂದು ಭಾವಿಸಿ, ಅದಕ್ಕೆ ತುತ್ತಾದವರ ದುಡಿಮೆಯ ಸ್ಥಿತಿಗತಿಯನ್ನು ವಿಚಾರಿಸದೆ ಬಿಡುವುದು ನ್ಯಾಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಗದ್ದಲದಿಂದ ಕಿವಿ ಕೆಡುತ್ತದೆಂಬುದನ್ನು ನಮ್ಮ ಶಾಸನ ಒಪ್ಪಿ ಬಹುಕಾಲವಾಯಿತು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳನ್ನು ಪಟ್ಟಿಮಾಡಿದ ಮೂರನೆಯ ಅನುಸೂಚಿಯಲ್ಲಿ ಶಬ್ದದಿಂದೊದಗುವ ಶ್ರವಣನಷ್ಟವೂ ಸೇರಿತ್ತು. ಎಂಟು ಗಂಟೆಗಳ ದುಡಿಮೆಗೆ 90 ಡೆಸಿಬೆಲ್ ಎಂಬ ಮಿತಿಯೂ ಇತ್ತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆಯೋ ಪೀಣ್ಯದ ಯಂತ್ರಶಾಲೆಗಳಲ್ಲಿಯೋ ವರ್ಷಾನುಗಟ್ಟಲೆ ದುಡಿದವರ ಒಳಗಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳು ನಶಿಸುತ್ತವೆಂದೂ, ನಶಿಸಿದವು ಮನುಷ್ಯರಲ್ಲಿ ಮರಳಿ ಹುಟ್ಟವೆಂದೂ ಯಾವ ವೈದ್ಯನೂ ಹೇಳಬಲ್ಲ. ಆದರೆ ಗದ್ದಲವೇ ಇಲ್ಲದ, ಹವಾನಿಯಂತ್ರಿತ ಕಚೇರಿಯಲ್ಲಿ ಗಣಕದ ಮುಂದೆ ಕುಳಿತು, ಮುಗಿಯದ ಗಡುವುಗಳನ್ನು ಬೆನ್ನಿಗೆ ಕಟ್ಟಿಕೊಂಡು, ರಾತ್ರಿಪಾಳಿಯಲ್ಲಿ ಪರದೇಶದ ಗ್ರಾಹಕರ ಕೋಪವನ್ನು ತಾಳ್ಮೆಯಿಂದ ಕೇಳಿಕೊಳ್ಳುವ ಯುವಕ ಯುವತಿಯರು ಅದೇ ಮೊರೆತವನ್ನು ಹೇಳಿಕೊಂಡು ಬಂದರೆ, ಅವರ ವಿಷಯದಲ್ಲಿ ಶಾಸನ ಮೌನವಾಗಿದೆ. ವೈದ್ಯರಲ್ಲಿಯೂ ಅನೇಕರು ಶ್ರವಣಪರೀಕ್ಷೆಯ ನಕ್ಷೆಯನ್ನು ನೋಡಿ ಕಿವಿಯಲ್ಲಿ ದೋಷವಿಲ್ಲವೆಂದು ಕಳುಹಿಸಿಬಿಡುತ್ತಾರೆ.

ದೋಷವಿಲ್ಲವೆಂಬ ಆ ಮಾತು ಏತಕ್ಕೆ ಸಾಲದೆಂಬುದನ್ನು ಕೊಂಚ ಬಿಡಿಸಿ ಹೇಳಬೇಕು. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು, ಶ್ರವಣಶಕ್ತಿ ಸರಿಯಾಗಿದ್ದ 80 ಮಂದಿಯನ್ನು ಶಬ್ದ ನುಸುಳದ ಕೊಠಡಿಯಲ್ಲಿ ಕೆಲವು ನಿಮಿಷ ಕೂರಿಸಿ ವಿಚಾರಿಸಿದಾಗ, ಅವರಲ್ಲಿ ಶೇ. 94ರಷ್ಟು ಮಂದಿ ತಮಗೆ ಏನೋ ಒಂದು ನಾದ ಕೇಳಿಸಿತೆಂದು ತಿಳಿಸಿದರು. ಹಾಗಿದ್ದಲ್ಲಿ ಆರೋಗ್ಯವಂತರಲ್ಲಿಯೂ ಸುಪ್ತವಾಗಿರತಕ್ಕ ಈ ನಾದ ಕೆಲವರಿಗೆ ಮಾತ್ರ ಯಾತನೆಯಾಗುವುದೇಕೆ? ಕಿವಿಯಿಂದ ಬರುವ ಸಂಕೇತ ಕುಗ್ಗಿದಾಗ, ನಿಲಯ ಸರಿಯಾಗಿ ಸಿಗದ ರೇಡಿಯೋದ ಧ್ವನಿಯನ್ನು ಏರಿಸಿದರೆ ಗೊರಗೊರ ಸದ್ದೇ ಹಿಗ್ಗಿ ಕೇಳುವಂತೆ, ಮಿದುಳು ತನ್ನ ಗ್ರಹಣಶಕ್ತಿಯನ್ನು ಹೆಚ್ಚಿಸಿಕೊಂಡು ಇಲ್ಲದ ನಾದವನ್ನು ಆಲಿಸತೊಡಗುತ್ತದೆಂಬುದು ಇಂದಿನ ವಿಜ್ಞಾನದ ಒಂದು ಮುಖ್ಯ ವಿವರಣೆ. ಪಾವೆಲ್ ಯಾಸ್ತ್ರೆಬೊಫ್ ಎಂಬ ವಿಜ್ಞಾನಿ 1990ರಲ್ಲಿ ಮಂಡಿಸಿದ ಸಿದ್ಧಾಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಾದ ಹುಟ್ಟುವುದೊಂದು ಸಂಗತಿ, ಅದು ಪೀಡೆಯಾಗುವುದು ಬೇರೊಂದು ಸಂಗತಿ, ಭಯೋದ್ವೇಗಗಳ ಕೇಂದ್ರಗಳೂ ದೇಹದ ಅನೈಚ್ಛಿಕ ನರಮಂಡಲವೂ ಆ ನಾದವನ್ನು ಅಪಾಯದ ಸೂಚನೆಯೆಂದು ಸ್ವೀಕರಿಸಿದಾಗ, ಸಾಮಾನ್ಯವಾಗಿ ಮಿದುಳು ಅಲಕ್ಷಿಸಿಬಿಡುತ್ತಿದ್ದ ಶಬ್ದವು ಲಕ್ಷ್ಯದ ನಡುಮನೆಗೆ ಬಂದು ಕೂರುತ್ತದೆ. ಸದಾ ಎಚ್ಚರದಲ್ಲಿರುವಂತೆ ನಿರ್ಬಂಧಿಸಲ್ಪಟ್ಟ ಮನಸ್ಸಿಗೆ ಅಪಾಯವಲ್ಲದ್ದೂ ಅಪಾಯವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಇದರ ಮೇಲೆ, ಉದ್ವೇಗದಲ್ಲಿರುವವರು ಅರಿವಿಲ್ಲದೆ ಹಲ್ಲು ಕಚ್ಚುತ್ತಾರೆ, ಕತ್ತಿನ ಸ್ನಾಯುಗಳನ್ನು ಬಿಗಿಹಿಡಿಯುತ್ತಾರೆ. ದವಡೆ ಮತ್ತು ಕತ್ತುಗಳಿಂದ ಹೊರಟ ನರಸಂಕೇತಗಳು ಶ್ರವಣಮಾರ್ಗವನ್ನು ಮಿದುಳಿನ ಬುಡದಲ್ಲಿಯೇ ಸಂಧಿಸುವುದರಿಂದ ಆ ಬಿಗಿತವೂ ಮೊರೆತವನ್ನು ಏರಿಸಬಲ್ಲುದು.

ಸ್ವೀಡನ್ನಿನ ದುಡಿಯುವ ಜನರಲ್ಲಿ ನಡೆದು 2011 ಮತ್ತು 2012ರಲ್ಲಿ ಪ್ರಕಟವಾದ ಸಮೀಕ್ಷೆಗಳು, ಕೆಲಸದ ಒತ್ತಡಕ್ಕೂ ಶ್ರವಣದ ತೊಂದರೆಗಳಿಗೂ ಸಂಬಂಧವುಂಟೆಂದೂ, ಮಾನಸಿಕವಾಗಿ ಬಳಲಿದವರಲ್ಲಿ ಮೊರೆತದ ತೀವ್ರತೆಯೂ ಅಧಿಕವೆಂದೂ ತೋರಿಸಿವೆ. ಒತ್ತಡವೊಂದೇ ಮೊರೆತವನ್ನು ಹುಟ್ಟಿಸುತ್ತದೆಂದು ಇವು ಸಾಬೀತುಪಡಿಸಿಲ್ಲ. ಮೊರೆತವು ನಿದ್ದೆಯನ್ನು ಕೆಡಿಸಿ, ನಿದ್ದೆಗೆಟ್ಟ ದೇಹ ಮರುದಿನದ ಕೆಲಸವನ್ನು ತಾಳಲಾರದೆ ಹೊಸ ಒತ್ತಡಕ್ಕೆ ಸಿಲುಕುವುದೂ ಅಷ್ಟೇ ನಿಜ. ಆದರೆ ಯಾವುದು ಮೊದಲು, ಯಾವುದು ಅನಂತರ ಎಂಬ ತರ್ಕ ತೀರ್ಮಾನವಾಗುವ ಪರ್ಯಂತ ಬಳಲಿದವರನ್ನು ಹಾಗೆಯೇ ಬಿಡಬೇಕೆಂಬ ನ್ಯಾಯವೆಲ್ಲಿಯದು? ದಣಿವಿಗೂ ಮೊರೆತಕ್ಕೂ ನಂಟುಂಟೆಂಬುದು ಹೊಸ ವಿಚಾರವೂ ಅಲ್ಲ: ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ವಿವರಿಸುವಲ್ಲಿ, ಕರ್ಣಕ್ಷ್ವೇಡವೆಂಬ ಮೊರೆತಕ್ಕೆ ಹೇಳುವ ಕಾರಣಗಳಲ್ಲಿ ಶ್ರಮವೇ ಮೊದಲನೆಯದು. ಅಂದಿನ ವಾತಸಿದ್ಧಾಂತವನ್ನು ಇಂದಿನ ನರವಿಜ್ಞಾನಕ್ಕೆ ಗಂಟುಹಾಕುವುದು ನನ್ನ ಉದ್ದೇಶವಲ್ಲ. ಕಿವಿಯನ್ನು ಪರೀಕ್ಷಿಸುತ್ತಿದ್ದ ವೈದ್ಯ ರೋಗಿಯ ದಣಿವನ್ನೂ ಆಹಾರವನ್ನೂ ವಿಚಾರಿಸುತ್ತಿದ್ದನೆಂಬುದು ನಮ್ಮ ಗಮನಕ್ಕೆ ಬರತಕ್ಕದ್ದು.

ಮೊರೆತವನ್ನು ಅಳಿಸಿಹಾಕುವ ಗುಳಿಗೆ ಈವರೆಗೆ ದೊರೆತಿಲ್ಲ. ದೊರೆತಿದೆಯೆಂಬ ಜಾಹೀರಾತುಗಳನ್ನು ನಂಬಬಾರದು. ಮನೋವ್ಯವಹಾರವನ್ನು ತಿದ್ದುವ ಚಿಕಿತ್ಸೆಯು ಮೊರೆತದಿಂದಾಗುವ ಯಾತನೆಯನ್ನು ತಗ್ಗಿಸಬಹುದೆಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಹೇಳುತ್ತದೆ. ಒಂದೇ ಕಿವಿಯಲ್ಲಿ ಕೇಳಿಬರುವ ಮೊರೆತಕ್ಕೂ, ನಾಡಿಯ ಮಿಡಿತಕ್ಕೆ ಸರಿಯಾಗಿ ಬಡಿಯುವ ಮೊರೆತಕ್ಕೂ, ವಿಶೇಷವಾಗಿ ಥಟ್ಟನೆ ಒದಗಿದ ಕಿವುಡಿಗೂ ಒತ್ತಡದ ನೆಪ ಹೇಳಿಕೊಂಡು ಸುಮ್ಮನಿರದೆ ಕೂಡಲೇ ತಜ್ಞರನ್ನು ಕಾಣಬೇಕು.

ಆದರೆ ಮನಸ್ಸನ್ನು ಸಮಾಧಾನಪಡಿಸುವ ಚಿಕಿತ್ಸೆಯನ್ನು ಮುಗಿಸಿದ ಮನುಷ್ಯ ಮರಳಿ ಅದೇ ಹದಿನಾಲ್ಕು ಗಂಟೆಗಳ ದುಡಿಮೆಗೆ ಹೋಗಬೇಕಾದರೆ ಆ ಚಿಕಿತ್ಸೆಯಿಂದ ಬಂದ ಫಲವೇನು? ಹದಿನಾಲ್ಕೆಂಬುದು ನನ್ನ ಕಲ್ಪನೆಯಲ್ಲ. ಮಾಹಿತಿ ತಂತ್ರಜ್ಞಾನದ ಕ್ಷೇತ್ರದಲ್ಲಿ ದಿನದ ದುಡಿಮೆಯನ್ನು ಅಷ್ಟರವರೆಗೆ ಬೆಳೆಸಲು ಎಡೆಕೊಡುವ ಪ್ರಸ್ತಾಪವೊಂದು 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿಯೇ ಮುಂದೆ ಬಂದು, ನೌಕರರ ಸಂಘಗಳ ಪ್ರತಿಭಟನೆಗೆ ಗುರಿಯಾಯಿತು. ಮರುವರ್ಷ ದಿನಕ್ಕೆ ಹತ್ತು ಗಂಟೆಗಳ ಪ್ರಸ್ತಾಪ ಬಂದಿತು. ವಾರಕ್ಕೆ 55 ಗಂಟೆಗಳಷ್ಟು ಅಥವಾ ಅದಕ್ಕೂ ಮಿಕ್ಕಿ ದುಡಿಯುವುದರಿಂದ ಪಾರ್ಶ್ವವಾಯುವಿನ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಕೂಡಿ ಸಾರಿದ ಮೇಲೆಯೂ ಇಂತಹ ಪ್ರಸ್ತಾಪಗಳು ಹುಟ್ಟುವುದು ಶೋಚನೀಯ.

ಪರಿಹಾರವನ್ನು ಹುಡುಕುವ ಸಾಧನ ನಮ್ಮಲ್ಲಿಯೇ ಉಂಟು. 1965ರಿಂದಲೂ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಡೆದುಬಂದಿದೆ. ಮನೋರೋಗಗಳ ಅಧ್ಯಯನಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಈ ಎರಡು ಸಂಸ್ಥೆಗಳ ವಿದ್ವಾಂಸರು ಕೈಜೋಡಿಸಿ ನಮ್ಮ ಕಚೇರಿ ಕಾರ್ಖಾನೆಗಳ ದುಡಿಮೆಗಾರರ ಶ್ರವಣವನ್ನೂ ಮನಃಸ್ಥಿತಿಯನ್ನೂ ಒಟ್ಟಿಗೆ ಪರೀಕ್ಷಿಸುವಂತಾಗಲಿ. ವಾರ್ಷಿಕ ತಪಾಸಣೆಯಲ್ಲಿ ರಕ್ತದೊತ್ತಡವನ್ನು ಅಳೆಯುವ ಮಾಲೀಕರು ನಿದ್ದೆಯನ್ನೂ ಕಿವಿಯ ಮೊರೆತವನ್ನೂ ವಿಚಾರಿಸುವಂತಾಗಲಿ. ದುಡಿಮೆಯ ಗಂಟೆಗಳನ್ನು ನಿಗದಿಮಾಡುವ ಸಮಿತಿಯಲ್ಲಿ ಉದ್ಯಮಿಗಳ ಪಕ್ಕದಲ್ಲಿ ವೈದ್ಯರಿಗೂ ಒಂದು ಸ್ಥಾನವನ್ನು ಸರ್ಕಾರ ಕೊಡಲಿ. ಮೊರೆತವನ್ನು ಹೇಳಿಕೊಂಡು ಬರುವವರನ್ನು ‘ನೀವು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತೀರಿ?’ ಎಂದು ಕೇಳಿ, ಅವರ ಉತ್ತರವನ್ನು ಶ್ರವಣಪರೀಕ್ಷೆಯ ಫಲಿತಾಂಶದೊಡನೆ ಚೀಟಿಯಲ್ಲಿ ಬರೆದಿಡಬೇಕೆಂದು ನಾಡಿನ ಕಿವಿ ಮೂಗು ಗಂಟಲಿನ ತಜ್ಞರಲ್ಲಿ ನನ್ನ ವಿನಂತಿ.